ಗುಳಿಗೆ ಮುಟ್ಟುವ ಹೊತ್ತಿಗೆ

ಕೆಂಭಾವಿ ಸೀಮೆಯ ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದ ಸುದ್ದಿ ಮೊದಲು ಮುಟ್ಟುವುದು ಅತ್ತೆಗೆ, ಆಮೇಲೆ ತವರಿಗೆ, ಆಮೇಲೆ ಆಶಾ ಕಾರ್ಯಕರ್ತೆಗೆ, ಕಟ್ಟಕಡೆಗೆ ಸರ್ಕಾರಕ್ಕೆ. ಒಂದು ಸಲ ಮುಟ್ಟು ತಪ್ಪಿದ ಕೂಡಲೇ ಯಾರೂ ಬಾಯಿ ಬಿಡುವುದಿಲ್ಲ. ಇನ್ನೊಂದೂ ತಪ್ಪಲಿ, ಗಟ್ಟಿಯಾಗಲಿ ಎಂದು ಕಾಯುತ್ತಾರೆ. ತಾಯಿ ಕಾರ್ಡ್ ಬರೆದು, ತೂಕ ನೋಡಿ, ರಕ್ತ ತೆಗೆದು, ಫೋಲಿಕ್ ಆಮ್ಲದ ಗುಳಿಗೆ ಕೈಗಿಡುವಷ್ಟರಲ್ಲಿ ಎರಡು ತಿಂಗಳೋ ಎರಡೂವರೆಯೋ ತುಂಬಿರುತ್ತದೆ. ಆ ಗುಳಿಗೆ ಕೊಡುವುದು ಮಗುವಿನ ಮಿದುಳು, ಬೆನ್ನುಹುರಿ ನೆಟ್ಟಗೆ ಕೂಡಲಿ ಎಂದು. ಆದರೆ ಮಿದುಳು ಬೆನ್ನುಹುರಿಗಳಿಗೆ ಅದು ಬೇಕಾಗಿದ್ದ ದಿನ ಅಷ್ಟೊತ್ತಿಗೆ ದಾಟಿಹೋಗಿರುತ್ತದೆ. ಈ ತಡಕ್ಕೆ ಹೆಣ್ಣುಮಕ್ಕಳ ಅಜ್ಞಾನವನ್ನೋ ಆಶಾ ಕಾರ್ಯಕರ್ತೆಯ ಸೋಮಾರಿತನವನ್ನೋ ದೂರುವುದು ಸುಲಭ. ನಿಜವಾದ ಕಾರಣ ಬೇರೆ ಕಡೆ ಇದೆ. ಫೋಲಿಕ್ ಆಮ್ಲ ನಮ್ಮ ಊರುಗಳಿಗೆ ಬಂದದ್ದು ರಕ್ತದ ಔಷಧಿಯಾಗಿ. ಬರುವಾಗ ರಕ್ತಹೀನತೆಯ ಪಂಚಾಂಗವನ್ನೂ ಜೊತೆಗೆ ತಂದಿತು. ಅದು ನರದ ಔಷಧಿಯೂ ಹೌದು ಎಂದು ಜಗತ್ತಿಗೆ ಗೊತ್ತಾದ ಮೇಲೂ ಪಂಚಾಂಗ ಬದಲಾಗಲಿಲ್ಲ. ಸುಮಾರು ನೂರು ವರ್ಷದ ಈ ಕಥೆಯಲ್ಲಿ ಮುಂಬೈಯ ಬಟ್ಟೆ ಗಿರಣಿಗಳಿವೆ, ಲಿವರ್‌ಪೂಲಿನ ಬಡವರ ಕೇರಿಗಳಿವೆ, ನಮ್ಮದೇ ದಾವಣಗೆರೆಯ ಹೆರಿಗೆ ಕೋಣೆಯೂ ಇದೆ.

ಮೊದಲು ಆ ದಿನ ಯಾವುದು ಎಂಬುದು ತಿಳಿಯಬೇಕು. ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣವೆಂದರೆ ಒಂದೆರಡು ಮಿಲಿಮೀಟರಿನ ಚಪ್ಪಟೆ ಬಿಲ್ಲೆ. ಅದರ ಬೆನ್ನ ಮೇಲೆ ಉದ್ದಕ್ಕೆ ಒಂದು ಪಟ್ಟಿ ದಪ್ಪವಾಗುತ್ತದೆ, ಪಟ್ಟಿಯ ನಡುವೆ ಸಾಲು ಬೀಳುತ್ತದೆ, ಎರಡೂ ಅಂಚು ಮೇಲೆದ್ದು ಒಂದರ ಕಡೆಗೊಂದು ಬಾಗಿ ಕೂಡಿಕೊಳ್ಳುತ್ತವೆ. ಕರಿಗಡುಬು ಮಾಡುವಾಗ ಕಣಕ ಮಡಚಿ ಅಂಚು ಒತ್ತುವುದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಹೂರಣದ ಜಾಗದಲ್ಲಿ ಪೊಳ್ಳು ಉಳಿಯುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾದ ಕೊಳವೆಗೆ ನರನಾಳ ಎನ್ನುತ್ತಾರೆ. ಕೂಡಿಕೆ ಶುರುವಾಗುವುದು ಕುತ್ತಿಗೆಯ ಹತ್ತಿರ, ಸುಮಾರು 22ನೇ ದಿನ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅಂಚುಗಳು ಸೇರುತ್ತಾ ಹೋಗುತ್ತವೆ. ತಲೆಯ ಕಡೆಯ ಬಾಯಿ 25ನೇ ದಿನದ ಹೊತ್ತಿಗೆ, ಬಾಲದ ಕಡೆಯದು 28ನೇ ದಿನದೊಳಗೆ ಮುಚ್ಚುತ್ತದೆ. ಮೇಲಿನದು ಮುಚ್ಚದಿದ್ದರೆ ಮಿದುಳೂ ತಲೆಬುರುಡೆಯೂ ಆಗದ ಕೂಸು, ಹುಟ್ಟಿದರೂ ಉಳಿಯದು. ಕೆಳಗಿನದು ಮುಚ್ಚದಿದ್ದರೆ ಬೆನ್ನಿನ ಮೇಲೆ ಸೀಳು ಅಥವಾ ಗಂಟು, ಸ್ವಾಧೀನವಿಲ್ಲದ ಕಾಲು, ಹಿಡಿತವಿಲ್ಲದ ಮೂತ್ರ. ವೈದ್ಯರು ಇದನ್ನು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಆಸ್ಪತ್ರೆಯ ಲೆಕ್ಕ ಕೊನೆಯ ಮುಟ್ಟಿನಿಂದ ಶುರುವಾಗುವುದರಿಂದ ಎರಡು ವಾರ ಕೂಡಿಸಬೇಕು: ಒಟ್ಟು 42 ದಿನ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವುದರೊಳಗೆ, ಅತ್ತೆಗೂ ಸುದ್ದಿ ತಿಳಿಯುವ ಮೊದಲೇ, ಕೆಲಸ ಮುಗಿದಿರುತ್ತದೆ.

ಮುಚ್ಚಿದ ನಾಳದ ಒಳಗೋಡೆಯೇ ನರಕೋಶಗಳ ತೊಟ್ಟಿಲು. ಅಲ್ಲಿ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಹೊಸದಾಗಿ ಹುಟ್ಟಿದವು ನೂಲಿನಂಥ ಎಳೆಗಳನ್ನು ಹಿಡಿದು ಹೊರಕ್ಕೆ ಹತ್ತಿ ತಮ್ಮ ತಮ್ಮ ಜಾಗದಲ್ಲಿ ನೆಲೆಸುತ್ತವೆ. ಬಸುರಿನ ಉದ್ದಕ್ಕೆ ಸರಾಸರಿ ತೆಗೆದರೆ ನಿಮಿಷಕ್ಕೆ ಎರಡೂವರೆ ಲಕ್ಷ ನರಕೋಶ ಹುಟ್ಟುತ್ತವೆಂದು ಒಂದು ಅಂದಾಜಿದೆ. ನೆಲೆಸಿದ ಕೋಶ ಸುಮ್ಮನಿರುವುದಿಲ್ಲ, ಒಂದು ತಂತುವನ್ನು ಹೊರಗೆ ಚಾಚುತ್ತದೆ. ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ 1890ರಲ್ಲಿ ಕೋಳಿಯ ಭ್ರೂಣದಲ್ಲಿ ಆ ತಂತುವಿನ ತುದಿಯನ್ನು ಕಂಡ. ಬೆರಳಗಲಿಸಿದ ಅಂಗೈಯಂಥ ಆ ತುದಿ ಕತ್ತಲಲ್ಲಿ ಗೋಡೆ ಸವರುತ್ತಾ ನಡೆಯುವವನ ಹಾಗೆ ತಡಕಾಡಿ ದಾರಿ ಹುಡುಕುತ್ತದೆ ಎಂದು ಊಹಿಸಿದ. ಕಹಾಲ್ ನೋಡಿದ್ದು ಬಣ್ಣ ಹಾಕಿದ ಸತ್ತ ಅಂಗಾಂಶ. ನಡೆಯುವುದನ್ನು ಕಂಡವರು ಯಾರು ಎಂದು ವಿರೋಧಿಗಳು ಕೇಳಿದರು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಚೂರನ್ನು ದುಗ್ಧರಸದ ಹನಿಯಲ್ಲಿ ತೂಗುಬಿಟ್ಟು, ತಂತು ಬೆಳೆಯುವುದನ್ನು ಸೂಕ್ಷ್ಮದರ್ಶಕದಡಿ ಕಣ್ಣಾರೆ ಕಂಡ. ವಿವಾದ ಅಲ್ಲಿಗೆ ಬಹುಮಟ್ಟಿಗೆ ಇತ್ಯರ್ಥವಾಯಿತು. ನಮ್ಮ ಕಥೆಗೆ ಇದರಿಂದ ಬೇಕಾದದ್ದು ಒಂದೇ ಸಂಗತಿ. ಸ್ಪೈನಾ ಬೈಫಿಡಾ ಇರುವ ಭ್ರೂಣದಲ್ಲಿಯೂ ನರಕೋಶಗಳು ಹುಟ್ಟುತ್ತವೆ, ತಂತು ಚಾಚುತ್ತವೆ, ಕಾಲಿನ ಸ್ನಾಯುವನ್ನು ಹುಡುಕಿ ಮುಟ್ಟುತ್ತವೆ. ಮೊದಲ ತಿಂಗಳುಗಳ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಲು ಆಡುವುದು ಕಾಣುತ್ತದೆ. ಆಮೇಲೆ ಮುಚ್ಚಳವಿಲ್ಲದ ಬೆನ್ನುಹುರಿ ಗರ್ಭದ ನೀರಿನಲ್ಲಿ ನೆನೆದು, ತಿಕ್ಕಾಡಿ, ತಿಂಗಳು ತಿಂಗಳು ಸವೆಯುತ್ತದೆ. ಗರ್ಭದೊಳಗೇ ಬೆನ್ನು ಹೊಲಿದರೆ ಮುಂದೆ ನಡೆಯುವ ಮಕ್ಕಳ ಸಂಖ್ಯೆ ಹೆಚ್ಚುತ್ತದೆಂದು 2011ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿದ್ದು ಇದೇ ಕಾರಣಕ್ಕೆ. ಗೋಡೆ ಕಟ್ಟಿದ್ದರು, ಮಾಳಿಗೆ ಹಾಕಲಿಲ್ಲ, ಮಳೆಗೆ ಮನೆ ಕುಸಿಯಿತು.

ಇನ್ನು ಗುಳಿಗೆಯ ಮಾತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದಳು. ಹಿಂದುಸ್ತಾನದಲ್ಲಿ ಬಾಣಂತಿಯರು ಏಕೆ ಇಷ್ಟೊಂದು ಸಾಯುತ್ತಾರೆ ಎಂಬುದರ ತನಿಖೆಯ ಭಾಗವಾಗಿ, ಗಿರಣಿ ಕೂಲಿಯ ಹೆಣ್ಣುಮಕ್ಕಳಲ್ಲಿ ಬಸುರಿನ ಹೊತ್ತಿಗೆ ಕಾಣುತ್ತಿದ್ದ ಭೀಕರ ರಕ್ತಹೀನತೆಯನ್ನು ನೋಡುವುದು ಆಕೆಯ ಕೆಲಸ. ಕೆಂಪು ರಕ್ತಕಣ ಕಡಿಮೆ, ಇದ್ದವು ಊದಿಕೊಂಡ ದೊಡ್ಡ ಕಣಗಳು. ಕಬ್ಬಿಣ ಕೊಟ್ಟರೆ ಪ್ರಯೋಜನವಿಲ್ಲ. ವಿಲ್ಸ್ ರೋಗಾಣುವನ್ನು ಹುಡುಕಿ ಬಿಟ್ಟಳು, ಆಮೇಲೆ ತಟ್ಟೆಯ ಕಡೆ ನೋಡಿದಳು. ಬಡ ಹೆಂಗಸರ ಊಟದಲ್ಲಿ ಹಣ್ಣು, ಸೊಪ್ಪು, ಹಾಲು ಮಾಂಸ ನಾಮಕಾವಸ್ತೆ. ಅದೇ ಊಟವನ್ನು ಇಲಿಗಳಿಗೆ ಹಾಕಿದಳು, ಕೋತಿಗಳಿಗೆ ಹಾಕಿದಳು, ಪ್ರಾಣಿಗಳೂ ಬಿಳಿಚಿಕೊಂಡವು. ಇವುಗಳನ್ನು ಚೇತರಿಸಿದ್ದು ಯೀಸ್ಟಿನ ಸಾರ, ಅದೂ ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಕಪ್ಪು ಅಂಟು. ಬಸುರಿಯರಿಗೆ ಕೊಟ್ಟಾಗಲೂ ಗುಣ ಕಂಡಿತು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇದನ್ನು ಬರೆದಳು. ಆ ಕಾಲದಲ್ಲಿ ಇನ್ನೊಂದು ಬಗೆಯ ರಕ್ತಹೀನತೆಗೆ ಶುದ್ಧೀಕರಿಸಿದ ಯಕೃತ್ತಿನ ಸಾರ ರಾಮಬಾಣವಾಗಿತ್ತು, ಆದರೆ ಮುಂಬೈಯ ಹೆಂಗಸರಿಗೆ ಅದು ನಾಟಲಿಲ್ಲ. ಶುದ್ಧೀಕರಿಸದ ಸಾರ ನಾಟಿತು. ಹಾಗಾದರೆ ಶುದ್ಧೀಕರಣದಲ್ಲಿ ಕಳೆದುಹೋಗುವ, ಯೀಸ್ಟಿನಲ್ಲಿ ಉಳಿಯುವ ಬೇರೊಂದು ವಸ್ತು ಇರಲೇಬೇಕು. ಹೆಸರಿಲ್ಲದ ಆ ವಸ್ತುವಿಗೆ ಜನ ವಿಲ್ಸ್ ಅಂಶ ಎಂದರು. ಇಂದು ಯಾದಗಿರಿ ಸೀಮೆಯಿಂದ ಮುಂಬೈಗೆ ಗುಳೆ ಹೋಗುವ ಹೆಣ್ಣುಮಕ್ಕಳ ಬುತ್ತಿ ನೋಡಿದರೆ ವಿಲ್ಸ್ ಬರೆದ ಊಟಕ್ಕೆ ಅದು ತೀರ ದೂರದ್ದೇನಲ್ಲ.

1941ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿಗಟ್ಟಲೆ ಪಾಲಕ್ ಸೊಪ್ಪಿನಿಂದ ಆ ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಕರೆದರು. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಲೆಡರ್ಲೆ ತಂಡದ ಮುಖ್ಯಸ್ಥ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ತಯಾರಿಸಿದ ಮೇಲೆ ಅದೇ ತಂಡ ಅದರ ವೈರಿಯನ್ನೂ ತಯಾರಿಸಿತು. ಅಮಿನೊಪ್ಟೆರಿನ್ ಎಂಬ ಆ ಔಷಧಿ ಫೋಲಿಕ್ ಆಮ್ಲದ ಜಾಗದಲ್ಲಿ ಕೂತು ಕೋಶಗಳ ವಿಭಜನೆಯನ್ನು ತಡೆಯುತ್ತದೆ; 1948ರಲ್ಲಿ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ತಾತ್ಕಾಲಿಕ ಗುಣ ಕಂಡ. 1952ರಲ್ಲಿ ಅದನ್ನೇ ಗರ್ಭಪಾತಕ್ಕೆ ಬಳಸಿದಾಗ ಕೆಲವು ಭ್ರೂಣಗಳು ವಿಕೃತವಾಗಿ ಕಂಡವು. ಫೋಲಿಕ್ ಆಮ್ಲ ರಕ್ತಕ್ಕಷ್ಟೇ ಬೇಕಾದದ್ದಲ್ಲ ಎಂಬ ಸುಳಿವು ಅಲ್ಲಿಯೇ ಇತ್ತು, ಆದರೆ ಅದನ್ನು ಎತ್ತಿಕೊಂಡವರು ಹತ್ತು ವರ್ಷದ ನಂತರದ ಲಿವರ್‌ಪೂಲಿನ ಎಲಿಜಬೆತ್ ಹಿಬರ್ಡ್ ಮತ್ತು ರಿಚರ್ಡ್ ಸ್ಮಿಥೆಲ್ಸ್. ನರನಾಳದ ದೋಷ ಬಡವರ ಮನೆಗಳಲ್ಲೇ ಹೆಚ್ಚು ಏಕೆ ಎಂಬ ಪ್ರಶ್ನೆಯಿಂದ ಹೊರಟು, ದೋಷವಿರುವ ಮಕ್ಕಳನ್ನು ಹೆತ್ತ ತಾಯಂದಿರಲ್ಲಿ ಫೋಲಿಕ್ ಆಮ್ಲದ ಕೊರತೆ ಹೆಚ್ಚೆಂದು 1965ರಲ್ಲಿ ಪ್ರಕಟಿಸಿದರು. ಸ್ಮಿಥೆಲ್ಸ್ ಮುಂದೆ ಒಮ್ಮೆ ಇಂಥ ಮಗು ಹೆತ್ತವರಿಗೆ ಗರ್ಭ ಕಟ್ಟುವ ಮೊದಲೇ ವಿಟಮಿನ್ ಕೊಡಿಸಿದ. ವಿಟಮಿನ್ ತಿಂದವರಲ್ಲಿ ದೋಷ ಮರುಕಳಿಸಿದ್ದು ನೂರಕ್ಕೆ ಒಂದಕ್ಕೂ ಕಡಿಮೆ, ತಿನ್ನದವರಲ್ಲಿ 5. ಇಷ್ಟು ಸ್ಪಷ್ಟವಿದ್ದರೂ 1980ರಲ್ಲಿ ಪಂಡಿತರು ಒಪ್ಪಲಿಲ್ಲ. ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ಗುಳಿಗೆ ತಿನ್ನಲು ಮುಂದಾದವರು ಮೊದಲೇ ಅನುಕೂಲಸ್ಥರಿರಬಹುದು ಎಂಬುದು ಅವರ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ವಿಪರ್ಯಾಸವೆಂದರೆ ಖಾಲಿ ಗುಳಿಗೆ ಕೊಡುವುದು ಅನೈತಿಕವೆಂದು ಅಂಥ ಪ್ರಯೋಗಕ್ಕೆ ಸ್ಮಿಥೆಲ್ಸ್‌ಗೆ ಅನುಮತಿ ಕೊಡದೆ ಇದ್ದದ್ದು ನೈತಿಕ ಸಮಿತಿಗಳೇ.

ಜಗಳ ಬಿಡಿಸಲು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1983ರಲ್ಲಿ ನಿಕೊಲಸ್ ವಾಲ್ಡ್ ನೇತೃತ್ವದಲ್ಲಿ ಏಳು ದೇಶಗಳ 33 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ಶುರುಮಾಡಿತು. ಇದು ನಡೆಯುತ್ತಿದ್ದ ಕಾಲಕ್ಕೆ ನಮ್ಮಲ್ಲಿ ಈ ವಿಷಯಕ್ಕೆ ಒಂದು ಸಿದ್ಧ ಉತ್ತರವಿತ್ತು: ನರನಾಳದ ದೋಷ ಉತ್ತರ ಭಾರತದ ಕಾಯಿಲೆ, ದಕ್ಷಿಣದಲ್ಲಿ ಅಪರೂಪ. 1987ರಲ್ಲಿ ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞ ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪತ್ರ ಆ ಉತ್ತರವನ್ನು ಅಲುಗಾಡಿಸಿತು. ಎರಡು ವರ್ಷದ ಮೇಲೆ ಪೂರ್ಣ ವರದಿ ಬಂತು. ಒಂದರ ಹಿಂದೊಂದು ಬಂದ ಹೆರಿಗೆಗಳನ್ನು ಬಿಡದೆ ಎಣಿಸಿದಾಗ ಸಾವಿರಕ್ಕೆ 11.4 ಕೂಸುಗಳಲ್ಲಿ ನರನಾಳದ ದೋಷ. ಜಗತ್ತಿನಲ್ಲಿ ಅಂದು ದಾಖಲಾಗಿದ್ದ ಅತಿ ಹೆಚ್ಚಿನ ಪ್ರಮಾಣಗಳ ಸಾಲಿಗೆ ನಿಲ್ಲುವ ಅಂಕಿ ಅದು. ಇದಕ್ಕೆ ದೊಡ್ಡ ಯಂತ್ರ, ದೊಡ್ಡ ಹಣ ಏನೂ ಬೇಕಿರಲಿಲ್ಲ. ಸತ್ತು ಹುಟ್ಟಿದ ಕೂಸನ್ನೂ ಬಟ್ಟೆ ಸರಿಸಿ ನೋಡುವ, ನೋಡಿದ್ದನ್ನು ಬರೆದಿಡುವ ಹಟ ಸಾಕಾಯಿತು. ಮಧ್ಯ ಕರ್ನಾಟಕದ ಈ ಎಣಿಕೆ ನಮ್ಮ ವೈದ್ಯಕೀಯ ಚರಿತ್ರೆಯಲ್ಲಿ ಪಡೆಯಬೇಕಾದ ಜಾಗವನ್ನು ಪಡೆದಿಲ್ಲ ಎಂಬುದು ನನ್ನ ಅಭಿಪ್ರಾಯ. ಲ್ಯಾನ್ಸೆಟ್ಟಿಗೆ ಹೋದ ಸುದ್ದಿ ವಿಧಾನಸೌಧಕ್ಕೆ ಹೋದ ಕುರುಹು ಕಾಣುವುದಿಲ್ಲ.

ಆ ಅಂಕಿಗೆ ಎರಡು ಆಕ್ಷೇಪಗಳಿದ್ದವು, ಎರಡನ್ನೂ ಹಗುರವಾಗಿ ತಳ್ಳುವಂತಿಲ್ಲ. ಅಂದು ಬಹಳಷ್ಟು ಹೆರಿಗೆ ಮನೆಯಲ್ಲೇ ಆಗುತ್ತಿದ್ದವು; ಕಷ್ಟದ ಹೆರಿಗೆಗಳಷ್ಟೇ ಗಾಡಿ ಕಟ್ಟಿಕೊಂಡು ದೊಡ್ಡಾಸ್ಪತ್ರೆಗೆ ಬರುತ್ತಿದ್ದವು. ಹೀಗಿರುವಾಗ ಆಸ್ಪತ್ರೆಯ ಎಣಿಕೆ ಊರಿನ ಎಣಿಕೆಯಾಗದು. ಇದು ನಿಜ. ಆದರೆ ಉತ್ತರ ಪ್ರದೇಶದ ಬಲರಾಂಪುರ ಜಿಲ್ಲೆಯಲ್ಲಿ ಆಸ್ಪತ್ರೆ ಬಿಟ್ಟು ಹಳ್ಳಿಗಳಲ್ಲೇ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಆರೂವರೆಯಿಂದ ಎಂಟರಷ್ಟು ಸಿಕ್ಕಿತು. ಭಾರತದ ಎಲ್ಲ ಅಧ್ಯಯನಗಳನ್ನು ಕೂಡಿಸಿ ಸರಾಸರಿ ತೆಗೆದ 2013ರ ವಿಮರ್ಶೆ ಸಾವಿರಕ್ಕೆ 4.1 ಎಂದಿತು. ದಾವಣಗೆರೆಯ ಅಂಕಿಯನ್ನು ಅರ್ಧಕ್ಕೆ ಇಳಿಸಿದರೂ ಅದು ಇಂದಿನ ಅಮೆರಿಕದ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎರಡನೆಯ ಆಕ್ಷೇಪ ಸೋದರಿಕೆಯದು. ಅಕ್ಕನ ಮಗಳು, ಸೋದರತ್ತೆಯ ಮಗ ಎಂದು ಒಳಗೊಳಗೇ ಕೊಟ್ಟು ತರುವುದರಿಂದಲೇ ಹೀಗೆ ಎಂಬ ವಾದ. ದಾವಣಗೆರೆಯ ವರದಿಯೂ ರಕ್ತಸಂಬಂಧದ ಮದುವೆಗಳ ಕಡೆ ಬೆರಳು ತೋರಿಸಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸುವಾಗ ತಂದೆತಾಯಿಯರ ನಂಟನ್ನೂ ಕೇಳಿದ್ದರು. ಸುಮಾರು ಮೂರರಲ್ಲಿ ಒಂದು ಮದುವೆ ಸೋದರಿಕೆಯದಾಗಿತ್ತು. ಅದೇ ಅಪ್ಪಾಜಿ ರಾವ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ಕಿಣ್ವ ಫೋಲಿಕ್ ಆಮ್ಲದ ಸಹಾಯವಿಲ್ಲದೆ ಕೆಲಸ ಮಾಡದ ಕಿಣ್ವ ಎಂಬುದು ಈ ಕಥೆಯ ಸೋಜಿಗಗಳಲ್ಲೊಂದು. ಸೋದರಿಕೆ ಅಪಾಯವನ್ನು ಹೆಚ್ಚಿಸಬಹುದು, ಆದರೆ ಇಡೀ ಭಾರವನ್ನು ಅದರ ತಲೆಗೆ ಕಟ್ಟಲಾಗದು. ಬಲರಾಂಪುರದ ಸೀಮೆಯ ಬಹುಪಾಲು ಜನರಲ್ಲಿ ಅಂಥ ಮದುವೆ ನಿಷಿದ್ಧ, ಅಲ್ಲಿಯೂ ಪ್ರಮಾಣ ಎತ್ತರದಲ್ಲೇ ಇದೆ. ಉತ್ತರ ಚೀನಾದಲ್ಲಿಯೂ ಹಾಗೇ ಇತ್ತು. ಅಲ್ಲಿನ ಹೆಂಗಸರು ಗರ್ಭಕ್ಕೆ ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತಪ್ಪದೆ ತಿಂದಾಗ ದೋಷ ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ವಂಶದಲ್ಲಿ ಬಂದದ್ದು ಬೀಜದ ಗುಣವಾದರೆ ಇದು ಹದದ ಮಾತು. ಹದ ನಮ್ಮ ಕೈಯಲ್ಲಿದೆ.

ಬ್ರಿಟನ್ನಿನ ಪ್ರಯೋಗ 1991ರ ಏಪ್ರಿಲ್‌ನಲ್ಲಿ ಅವಧಿಗೆ ಮುಂಚೆಯೇ ನಿಂತಿತು. ಫಲಿತಾಂಶ ಅಷ್ಟು ಖಚಿತವಾಗಿತ್ತು. ಒಮ್ಮೆ ದೋಷವಿರುವ ಮಗುವನ್ನು ಹೆತ್ತ 1,817 ಹೆಂಗಸರಲ್ಲಿ ಮುಂದಿನ ಬಸುರಿಗೆ ಅದೇ ದೋಷ ಬಂದದ್ದು 27 ಸಲ. ಫೋಲಿಕ್ ಆಮ್ಲ ತಿಂದ ಗುಂಪುಗಳಲ್ಲಿ 6, ತಿನ್ನದ ಗುಂಪುಗಳಲ್ಲಿ 21. ನೂರಕ್ಕೆ 72ರಷ್ಟು ರಕ್ಷಣೆ, ಅದೂ ಗರ್ಭಕ್ಕೆ ಮೊದಲೇ ತಿಂದರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1988ರಲ್ಲಿ ತನ್ನದೇ ಪ್ರಯೋಗ ಶುರುಮಾಡಿತ್ತು. ಬ್ರಿಟನ್ನಿನ ಸುದ್ದಿ ಬಂದ ಮೇಲೆ ಖಾಲಿ ಗುಳಿಗೆ ಕೊಡುವುದು ಸರಿಯಲ್ಲವೆಂದು ಅದೂ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಸಿಕ್ಕ ಲೆಕ್ಕ: ವಿಟಮಿನ್ ತಿಂದವರಲ್ಲಿ ಮರುಕಳಿಕೆ ಶೇ. 2.92, ತಿನ್ನದವರಲ್ಲಿ ಶೇ. 7.04. ಸಂಖ್ಯೆ ಸಣ್ಣದಾದ್ದರಿಂದ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿಗೆ ಕೂದಲೆಳೆಯಷ್ಟು ಕಡಿಮೆ ಬಿತ್ತು. ಕೂದಲೆಳೆಯ ನೆಪ ಹೇಳಿ ಸುಮ್ಮನಿರುವುದು ನಮ್ಮ ಕಚೇರಿಗಳಿಗೆ ಕಷ್ಟದ ಕೆಲಸವಲ್ಲ.

ಇಲ್ಲಿಂದ ದಾರಿ ಕವಲೊಡೆಯಿತು. ಗರ್ಭ ಯಾವಾಗ ಕಟ್ಟುತ್ತದೆಂದು ಯಾರಿಗೂ ಗೊತ್ತಿಲ್ಲದಿರುವಾಗ ಗುಳಿಗೆಯನ್ನು ಹಿಡಿದು ಕಾಯುವುದಕ್ಕಿಂತ ಎಲ್ಲರೂ ತಿನ್ನುವ ಹಿಟ್ಟಿಗೇ ಬೆರೆಸುವುದು ಲೇಸೆಂದು ಅಮೆರಿಕ 1998ರ ಜನವರಿಯಿಂದ ಕಿಲೋ ಹಿಟ್ಟಿಗೆ 1,400 ಮೈಕ್ರೋಗ್ರಾಂ ಬೆರೆಸುವುದನ್ನು ಕಡ್ಡಾಯ ಮಾಡಿತು. ಅದೇ ದಾರಿ ಹಿಡಿದ ಕೆನಡಾದಲ್ಲಿ ದೋಷ ಶೇ. 46ರಷ್ಟು ಇಳಿಯಿತು. ಪ್ರಯೋಗ ನಡೆಸಿದ ಬ್ರಿಟನ್ ಮಾತ್ರ ಚರ್ಚಿಸುತ್ತಾ ಕುಳಿತು, 2024ರ ನವೆಂಬರ್‌ನಲ್ಲಿ ಕಾನೂನು ಮಾಡಿತು. ಭಾರತದಲ್ಲಿ ಫೋಲಿಕ್ ಆಮ್ಲ ಆಗಲೇ ಇತ್ತು. 1970ರಲ್ಲಿ ಶುರುವಾದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ ಬಸುರಿಯರಿಗೆ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಸೇರಿಸಿದ ಗುಳಿಗೆ ಕೊಡುತ್ತಿದ್ದರು. ಅದು ಲೂಸಿ ವಿಲ್ಸ್ ಬಿಟ್ಟುಹೋದ ಆಸ್ತಿ. ಜನರ ಬಾಯಲ್ಲಿ ಇಂದಿಗೂ ಅದು ರಕ್ತದ ಗುಳಿಗಿ. ರಕ್ತಹೀನತೆಗೆ ಅವಸರವಿಲ್ಲ. ನಾಲ್ಕನೇ ತಿಂಗಳಿಂದ ತಿಂದರೂ ಹೆರಿಗೆಯ ಹೊತ್ತಿಗೆ ರಕ್ತ ಏರುತ್ತದೆ. ಹೀಗಾಗಿ ಇಡೀ ವ್ಯವಸ್ಥೆ ಬಸುರಿನ ನೋಂದಣಿಯಿಂದ ಮುಂದಕ್ಕೆ ಕಟ್ಟಿಕೊಂಡಿತು. ಆಮೇಲೆ ಮೊದಲ ಮೂರು ತಿಂಗಳಿಗೆ ಬರೀ ಫೋಲಿಕ್ ಆಮ್ಲದ ಗುಳಿಗೆ ಬಂತು, ಗರ್ಭಕ್ಕೆ ಮೊದಲೇ ತಿನ್ನಬೇಕೆಂಬ ಸಲಹೆಯೂ ಕಾಗದದಲ್ಲಿ ಸೇರಿತು, ಆದರೆ ಕೊಡುವವರ ಕೈಯಲ್ಲಿರುವ ಪಟ್ಟಿ ಬಸುರಿಯರದೇ. 12 ವಾರದೊಳಗೆ ಹೆಸರು ಬರೆಸಿದರೆ ಸರ್ಕಾರದ ಲೆಕ್ಕದಲ್ಲಿ ಅದು ಬೇಗ ಆದ ನೋಂದಣಿ. ನರನಾಳದ ಲೆಕ್ಕದಲ್ಲಿ ಅದು ಆರು ವಾರ ತಡ.

ಹದಿಹರೆಯದವರಿಗೂ ಮದುವೆಯಾದವರಿಗೂ ವಾರಕ್ಕೊಂದು ಗುಳಿಗೆ ಕೊಡುವ ಯೋಜನೆಗಳಿವೆಯಲ್ಲ ಎನ್ನಬಹುದು. ಇವೆ. ಅದರಲ್ಲಿರುವುದು ವಾರಕ್ಕೆ 500 ಮೈಕ್ರೋಗ್ರಾಂ. ದಿನಕ್ಕೆ 400ರಂತೆ ವಾರಕ್ಕೆ 2,800 ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಇಲ್ಲಿಯೂ ಗುಳಿಗೆ ರಕ್ತದ್ದು, ನರದ್ದಲ್ಲ. ಸಾರವರ್ಧಿತ ಪಡಿತರ ಅಕ್ಕಿ ಬಂದಿದೆಯಲ್ಲ ಎಂದರೆ ಅದರ ಲೆಕ್ಕವನ್ನೂ ನೋಡೋಣ. ಮೊರದಲ್ಲಿ ಹಸನು ಮಾಡುವಾಗ ಬಣ್ಣ ಬೇರೆ ಇದೆಯೆಂದು, ಪ್ಲಾಸ್ಟಿಕ್ ಅಕ್ಕಿಯೆಂದು ಹೆಂಗಸರು ಆರಿಸಿ ಚೆಲ್ಲಿದ ಆ ಕಾಳುಗಳಲ್ಲಿ ಕಬ್ಬಿಣ, ಬಿ12 ಜೊತೆ ಫೋಲಿಕ್ ಆಮ್ಲವೂ ಇದೆ. ಕಾನೂನಿನ ಪ್ರಕಾರ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ. ಒಬ್ಬರ ಪಾಲಿನ ತಿಂಗಳ 5 ಕಿಲೋದಲ್ಲಿ 375ರಿಂದ 625. ಅಂದರೆ ಒಂದು ತಿಂಗಳ ಅಕ್ಕಿಯಲ್ಲಿರುವುದು ಹೆಚ್ಚೆಂದರೆ ಒಂದೂವರೆ ದಿನದ ಪ್ರಮಾಣ. ಅಷ್ಟಕ್ಕೂ ಕೆಂಭಾವಿ, ಶಹಾಪುರ, ಸುರಪುರದ ಕಡೆ ಕೆಲಸದ ದಿನದ ಊಟ ಜೋಳದ ರೊಟ್ಟಿ. ಜೋಳ ಹೊಲದಿಂದ ಅಥವಾ ಸಂತೆಯಿಂದ ಬರುತ್ತದೆ, ಓಣಿಯ ಗಿರಣಿಯಲ್ಲಿ ಹಿಟ್ಟಾಗುತ್ತದೆ. ಅಮೆರಿಕದ ಕಾನೂನು ನೆಚ್ಚಿಕೊಂಡಿರುವ ದೊಡ್ಡ ಹಿಟ್ಟಿನ ಕಾರ್ಖಾನೆ ಆ ದಾರಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ತೊಗರಿಯ ಕಣಜದಲ್ಲಿ ಕುಳಿತು ಗುಳಿಗೆಗೆ ಕೈಚಾಚುವುದೇಕೆ, ಬೇಳೆಯಲ್ಲಿ, ಪುಂಡಿಪಲ್ಲೆಯಲ್ಲಿ, ಮೆಂತ್ಯ ಸೊಪ್ಪಿನಲ್ಲಿ ಇದೇ ಜೀವಸತ್ವ ಇದೆಯಲ್ಲ ಎಂಬುದು ನನಗೆ ಅತಿ ಗೌರವ ಹುಟ್ಟಿಸುವ ಆಕ್ಷೇಪ, ಏಕೆಂದರೆ ಅದು ನೆಲದ ಮೇಲೆ ಕಾಲೂರಿ ನಿಂತ ಮಾತು. ನೂರು ಗ್ರಾಂ ತೊಗರಿಬೇಳೆಯಲ್ಲಿ ನೂರು ಮೈಕ್ರೋಗ್ರಾಮಿನ ಆಸುಪಾಸು ಇರುವುದು ನಿಜ. ಆದರೆ ಒಬ್ಬಳ ತಟ್ಟೆಗೆ ದಿನಕ್ಕೆ ಬೀಳುವ ಬೇಳೆ ಅದರ ಮೂರನೇ ಒಂದು ಪಾಲೂ ಇರಲಾರದು. ಕುದಿಸಿದಾಗ ಜೀವಸತ್ವದ ದೊಡ್ಡ ಪಾಲು ನಾಶವಾಗುತ್ತದೆ, ಉಳಿದದ್ದು ದೇಹಕ್ಕೆ ಹಿಡಿಯುವುದೂ ಗುಳಿಗೆಯಲ್ಲಿದ್ದಷ್ಟಲ್ಲ. ಬೆಳೆದ ತೊಗರಿ ಮಾರುಕಟ್ಟೆಗೆ ಹೋಗಿ, ಬೇಳೆಯಾಗಿ ಬೆಲೆ ಏರಿಸಿಕೊಂಡು ವಾಪಸ್ಸು ಬಂದಾಗ ಬೆಳೆದವರ ಸಾರೇ ನೀರಾಗುತ್ತದೆ. ಮನೆ ಊಟ ಒಳ್ಳೆಯದಾಗಬೇಕು, ಅನುಮಾನವಿಲ್ಲ. ಆದರೆ ಮುಂದಿನ ತಿಂಗಳು ಗರ್ಭ ಕಟ್ಟುವವಳಿಗೆ ಆ ಸುಧಾರಣೆಯ ತನಕ ಕಾಯಲಾಗದು.

ಉಳಿದದ್ದು ವೈದ್ಯರ ಆಕ್ಷೇಪ. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸರಿಹೋದಂತೆ ಕಂಡು, ಒಳಗೆ ನರ ಹಾಳಾಗುವುದು ಮುಚ್ಚಿಹೋಗಬಹುದು. ಮಾಂಸ ಹಾಲು ಕಡಿಮೆ ತಿನ್ನುವ ಭಾರತದಲ್ಲಿ ಬಿ12 ಕೊರತೆ ಸಾಮಾನ್ಯವಾದ್ದರಿಂದ ಇದು ಪಾಶ್ಚಾತ್ಯ ದೇಶಗಳಿಗಿಂತ ನಮಗೆ ಹೆಚ್ಚು ತೂಕದ ಮಾತು. ತೂಕದ ಮಾತಾದರೂ ಅದು ಬಿ12ನ್ನೂ ಸೇರಿಸಿ ಎನ್ನುತ್ತದೆಯೇ ಹೊರತು ಫೋಲಿಕ್ ಆಮ್ಲವನ್ನು ಬಿಡಿ ಎನ್ನುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಬಸುರಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟ ಪ್ರಯೋಗದಲ್ಲಿ ತಾಯಿಯ ರಕ್ತದಲ್ಲೂ ಕೂಸಿನ ರಕ್ತದಲ್ಲೂ ಅದರ ಮಟ್ಟ ಏರಿದೆ. ಹಿಟ್ಟು, ಅಕ್ಕಿ ದಾರಿ ಮುಚ್ಚಿರುವ ಜೋಳದ ನಾಡಿಗೆ ಒಂದು ದಾರಿ ತೆರೆದಿದೆ, ಅದು ಉಪ್ಪು. ಅಯೋಡಿನ್ ಬೆರೆಸಿದ ಉಪ್ಪು ಗುಳೆ ಹೋದವರ ಜೋಪಡಿಯನ್ನೂ ಮುಟ್ಟಿದೆ, ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಹೊಸ ಮದುವಣಗಿತ್ತಿಯ ಸಾರಿಗೂ ಬೀಳುತ್ತದೆ. ಅದೇ ಉಪ್ಪಿಗೆ ಫೋಲಿಕ್ ಆಮ್ಲವನ್ನೂ ಸೇರಿಸಿ ದಕ್ಷಿಣ ಭಾರತದ ಕೆಲವು ಹಳ್ಳಿಗಳ ಹೆಂಗಸರಿಗೆ ಕೆಲವು ತಿಂಗಳು ಕೊಟ್ಟು ನೋಡಿದಾಗ ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರಿತು. ಫೋಲಿಕ್ ಆಮ್ಲ ಹಳದಿ ಪುಡಿ, ಉಪ್ಪಿನ ಬಿಳುಪು ತುಸು ಮಾಸುತ್ತದೆ. ಪ್ಲಾಸ್ಟಿಕ್ ಅಕ್ಕಿಯ ಪುಕಾರು ನೋಡಿದವರಿಗೆ ಆ ತುಸು ಹಳದಿಯೂ ಎಂಥ ಕಷ್ಟ ತರಬಹುದೆಂದು ಗೊತ್ತು, ಅದನ್ನು ಮೊದಲೇ ಹೇಳಿ ಒಪ್ಪಿಸಬೇಕಾಗುತ್ತದೆ. ಆದರೂ ಕೇಳದೆ, ಬರೆಯದೆ, ನೋಂದಣಿ ಮಾಡದೆ 28ನೇ ದಿನಕ್ಕೆ ಮುಂಚೆ ಮನೆ ಹೊಗುವ ಬೇರೆ ವಸ್ತು ಈ ಸೀಮೆಯಲ್ಲಿ ನನಗೆ ಕಾಣುವುದಿಲ್ಲ.

ಅಲ್ಲಿಯತನಕ ತಾಯಿ ಕಾರ್ಡೇ ಗತಿ. ಕಾರ್ಡಿನಲ್ಲಿ ನರ್ಸ್ ಬಾಯಿ ಕೇಳಿ ಬರೆದುಕೊಳ್ಳುವ ಒಂದು ದಿನಾಂಕ ಕೊನೆಯ ಮುಟ್ಟಿನದು. ಅದನ್ನು ಅಮಾವಾಸ್ಯೆ, ಹಬ್ಬ, ಜಾತ್ರೆಯ ಗುರುತು ಹಿಡಿದು ಲೆಕ್ಕ ಹಾಕುವವರಿದ್ದಾರೆ. ಇನ್ನೊಂದು ಹೆಸರು ಬರೆಸಿದ ದಿನದ್ದು. ಗುಳಿಗೆ ಎಷ್ಟು ಕೊಟ್ಟರೆಂದು ತುಂಬಲೂ ಜಾಗವಿದೆ. ಮೊದಲನೆಯ ದಿನಾಂಕಕ್ಕೆ 42 ಕೂಡಿಸಿದರೆ ಬರುವ ದಿನಾಂಕಕ್ಕೆ ಮಾತ್ರ ಕಾರ್ಡಿನಲ್ಲಿ ಅಂಕಣವಿಲ್ಲ.